ಬೆಟ್ಟದ ದಾರಿಗೊಂದು ಗಣಕ ನಕ್ಷೆ

ಯಲಹಂಕದಿಂದ ರೈಲಿನಲ್ಲಿ ಹಿಂದೂಪುರದ ಕಡೆ ಹೊರಟರೆ ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗ ಕಾಣುತ್ತದೆ. ನಂದಿಬೆಟ್ಟವೂ ದೂರವಿಲ್ಲ. ಇಂಥ ಬೆಟ್ಟ ಹತ್ತುವ ಉತ್ಸಾಹಿಗಳು ಸಾಮಾನ್ಯವಾಗಿ ನೇರ ದಾರಿ ಹುಡುಕುತ್ತಾರೆ. ಬೆಟ್ಟಕ್ಕೆ ಹೆಚ್ಚು ಕೇಡು ಮಾಡುವುದು ಆ ನೇರ ದಾರಿಯೇ.

ಕಾಲ್ತುಳಿತದಿಂದ ಹುಲ್ಲು ಸತ್ತು ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಮಳೆನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಮಣ್ಣನ್ನು ಕೊಚ್ಚಿ ಒಯ್ಯುತ್ತದೆ. ಕೊರಕಲು ತಪ್ಪಿಸಲು ಜನ ಪಕ್ಕದಲ್ಲಿ ನಡೆದಂತೆ ಗಾಯ ಅಗಲವಾಗುತ್ತದೆ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಮೇಲೆ ಕೊಚ್ಚಿಹೋದ ಮಣ್ಣು ಕೆಳಗಿನ ಕೆರೆಗಳಲ್ಲಿ ಹೂಳಾಗುತ್ತದೆ.

ಹಾಗಾದರೆ ದಾರಿ ಹೇಗಿರಬೇಕು? ಬೆಟ್ಟದ ಮೈಗೆ ಓರೆಯಾಗಿ ಸಾಗಬೇಕು. ಅದರ ಏರು ಆ ಜಾಗದ ಇಳಿಜಾರಿನ ಅರ್ಧವನ್ನು ಮೀರಬಾರದು. ಸರಾಸರಿ ಶೇಕಡ 10ರ ಸುಮಾರಿನಲ್ಲಿದ್ದರೆ ಲೇಸು. ಆಗ ನೀರು ದಾರಿಯನ್ನು ಅಡ್ಡಹಾಯ್ದು ಹೋಗುತ್ತದೆಯೇ ಹೊರತು ಅದರುದ್ದಕ್ಕೂ ಹರಿಯುವುದಿಲ್ಲ. 200 ಮೀಟರ್ ಎತ್ತರಕ್ಕೆ ಸುಮಾರು 2 ಕಿ.ಮೀ. ನಡಿಗೆ ಬೇಕಾಗುತ್ತದೆ, ಅಷ್ಟೆ.

ಇಂಥ ದಾರಿಯನ್ನು ಗುರುತಿಸಲು ಗಣಕ ನೆರವಾಗುತ್ತದೆ. 2005ರಲ್ಲಿ ಹಾರಿಬಿಟ್ಟ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವಂತೆ ಅವು ನೆಲದ ಎತ್ತರವನ್ನು ತಿಳಿಸಿಕೊಟ್ಟವು. ಇಸ್ರೋ 2009ರಲ್ಲಿ ಆರಂಭಿಸಿದ 'ಭುವನ್' ತಾಣದಲ್ಲಿ ಈ ಎತ್ತರದ ಮಾಹಿತಿ ದೊರೆಯುತ್ತದೆ. ಅದರ ಮೇಲೆ ಹಳ್ಳ, ಕಾಡು, ಬಂಡೆಗಳ ಪದರಗಳನ್ನಿಟ್ಟು, ಕಡಿದಾದ ಜಾಗಕ್ಕೂ ಹಳ್ಳದ ದಂಡೆಗೂ ಹೆಚ್ಚು ಅಂಕ ಕೊಟ್ಟರೆ, ಒಟ್ಟು ಅಂಕ ಕಡಿಮೆಯಾಗುವ ದಾರಿಯನ್ನು ಗಣಕ ಆರಿಸುತ್ತದೆ.

ಆದರೆ ಆ ಮಾಹಿತಿಯ ಒಂದು ಚೌಕ ಸುಮಾರು 30 ಮೀಟರ್. ಅದರೊಳಗಿನ ಜಾರುಬಂಡೆ, ಹಕ್ಕಿಗೂಡು ನಕ್ಷೆಗೆ ಕಾಣವು. ಕೊನೆಯ ತೀರ್ಪಿಗೆ ಬೆಟ್ಟದ ಮೇಲೆ ನಡೆದೇ ನೋಡಬೇಕು. ಒಳ್ಳೆಯ ದಾರಿಗೂ ತಾಳುವ ಮಿತಿಯುಂಟು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಬಳಿಕ ಅರಣ್ಯ ಇಲಾಖೆ ಮುಂಗಡ ನೋಂದಣಿಯಿಲ್ಲದ ಚಾರಣವನ್ನು ತಡೆಯಬೇಕಾಯಿತು.

ನೀವೂ ಪ್ರಯತ್ನಿಸಿ. 1:50,000 ಪ್ರಮಾಣದ ಸರ್ವೆ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರವಿದ್ದರೆ, ಕೈವಾರವನ್ನು 4 ಮಿ.ಮೀ.ಗೆ ತೆರೆದು ರೇಖೆಯಿಂದ ರೇಖೆಗೆ ಹೆಜ್ಜೆಯಿಡಿಸಿ. ಶೇಕಡ 10ರ ಏರಿನ ದಾರಿ ನಿಮ್ಮ ಕಾಗದದ ಮೇಲೆಯೇ ಮೂಡುತ್ತದೆ.