ವೆಬ್‌ಡಾವ್

ವೆಬ್‌ಡಾವ್ ಎಂಬುದು ವೆಬ್ ಸರ್ವರ್‌ನಲ್ಲಿರುವ ಕಡತಗಳನ್ನು ಓದುವುದಕ್ಕೆ ಮಾತ್ರವಲ್ಲದೆ ದೂರದಿಂದಲೇ ತಿದ್ದಲು, ಸೇರಿಸಲು, ಸ್ಥಳಾಂತರಿಸಲು ಹಾಗೂ ಅಳಿಸಲು ಅವಕಾಶ ನೀಡುವ ಪ್ರೋಟೋಕಾಲ್. ಇದು ಎಚ್‌ಟಿಟಿಪಿಯ ಒಂದು ವಿಸ್ತರಣೆಯಾಗಿದೆ. 'ವೆಬ್ ಡಿಸ್ಟ್ರಿಬ್ಯೂಟೆಡ್ ಆಥರಿಂಗ್ ಅಂಡ್ ವರ್ಷನಿಂಗ್' ಎಂಬುದು ಇದರ ಪೂರ್ಣ ಹೆಸರು. ಕಚೇರಿಯ ಹಂಚಿಕೆಯ ಕಡತಕೋಶಗಳನ್ನು ಅಂತರಜಾಲದ ಮೂಲಕ ಸಿಬ್ಬಂದಿಗೆ ಒದಗಿಸಲು ಇದನ್ನು ವ್ಯಾಪಕವಾಗಿ ಬಳಸಲಾಗುತ್ತದೆ.

ಹಿನ್ನೆಲೆ

ಕಚೇರಿಯೊಳಗಿನ ಜಾಲದಲ್ಲಿ ಕಡತಗಳ ಹಂಚಿಕೆಗೆ ಸಾಮಾನ್ಯವಾಗಿ ಎಸ್‌ಎಂಬಿ ಪ್ರೋಟೋಕಾಲ್ ಬಳಕೆಯಲ್ಲಿದೆ. ಇದು 445ನೇ ಪೋರ್ಟ್‌ನಲ್ಲಿ ಕೆಲಸ ಮಾಡುತ್ತದೆ. ಈ ಪೋರ್ಟನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಅಪಾಯಕರ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿದ್ದ ದೋಷವನ್ನೇ ಬಳಸಿಕೊಂಡಿತ್ತು. ಆದ್ದರಿಂದ ಹೊರಗಿರುವ ನೌಕರರಿಗೆ ಕಡತ ತಲುಪಿಸಲು ಉಳಿಯುವ ಮುಖ್ಯ ದಾರಿಗಳು ಎರಡು: ವಿಪಿಎನ್ ಅಥವಾ ವೆಬ್. ಎಚ್‌ಟಿಟಿಪಿಎಸ್ ಬಳಸುವ 443ನೇ ಪೋರ್ಟ್ ಬಹುತೇಕ ಎಲ್ಲ ಜಾಲಗಳಲ್ಲೂ ತೆರೆದಿರುವುದು ಎರಡನೆಯ ದಾರಿಯ ಅನುಕೂಲ.

ಇತಿಹಾಸ

ಟಿಮ್ ಬರ್ನರ್ಸ್-ಲೀ ರೂಪಿಸಿದ ಮೊದಲ ಬ್ರೌಸರ್ ಪುಟಗಳನ್ನು ತೋರಿಸುವುದರ ಜೊತೆಗೆ ತಿದ್ದಲೂ ಬಲ್ಲುದಾಗಿತ್ತು. ಮುಂದೆ ಜನಪ್ರಿಯವಾದ ಬ್ರೌಸರ್‌ಗಳು ಓದುವುದಕ್ಕಷ್ಟೇ ಸೀಮಿತವಾದವು. ಕೈಬಿಟ್ಟುಹೋದ ಈ ಸಾಮರ್ಥ್ಯವನ್ನು ಮರಳಿ ತರಲು 1996ರಲ್ಲಿ ಜಿಮ್ ವೈಟ್‌ಹೆಡ್ ಅವರ ನೇತೃತ್ವದಲ್ಲಿ ಚರ್ಚೆ ಆರಂಭವಾಯಿತು. ಇದರ ಫಲವಾಗಿ ಆರ್‌ಎಫ್‌ಸಿ 2518 ಎಂಬ ಮಾನಕ 1999ರ ಫೆಬ್ರವರಿಯಲ್ಲಿ ಪ್ರಕಟವಾಯಿತು. 2007ರಲ್ಲಿ ಆರ್‌ಎಫ್‌ಸಿ 4918 ಅದರ ಸ್ಥಾನವನ್ನು ಪಡೆಯಿತು. ಹೆಸರಿನಲ್ಲಿ 'ವರ್ಷನಿಂಗ್' ಇದ್ದರೂ ಮೊದಲ ಮಾನಕದಲ್ಲಿ ಆವೃತ್ತಿ ನಿರ್ವಹಣೆ ಇರಲಿಲ್ಲ ಎಂಬುದು ಗಮನಾರ್ಹ. ಅದು 2002ರಲ್ಲಿ ಆರ್‌ಎಫ್‌ಸಿ 3253ರ ಮೂಲಕ ಪ್ರತ್ಯೇಕವಾಗಿ ಸೇರ್ಪಡೆಯಾಯಿತು.

ಕಾರ್ಯವಿಧಾನ

ಎಚ್‌ಟಿಟಿಪಿಯ ಗೆಟ್, ಪುಟ್, ಡಿಲೀಟ್ ಆಜ್ಞೆಗಳ ಜೊತೆಗೆ ವೆಬ್‌ಡಾವ್ ಏಳು ಹೊಸ ಆಜ್ಞೆಗಳನ್ನು ನೀಡುತ್ತದೆ. ಕಡತಕೋಶದಲ್ಲಿ ಏನೇನಿದೆ ಎಂದು ತಿಳಿಯಲು ಪ್ರಾಪ್‌ಫೈಂಡ್, ಗುಣಲಕ್ಷಣಗಳನ್ನು ಬದಲಿಸಲು ಪ್ರಾಪ್‌ಪ್ಯಾಚ್, ಹೊಸ ಕಡತಕೋಶ ರಚಿಸಲು ಎಂಕೆಕಾಲ್ ಬಳಕೆಯಾಗುತ್ತವೆ. ಕಾಪಿ ಮತ್ತು ಮೂವ್ ಆಜ್ಞೆಗಳ ಕೆಲಸ ಹೆಸರಿನಿಂದಲೇ ಸ್ಪಷ್ಟ. ಉಳಿದ ಲಾಕ್ ಮತ್ತು ಅನ್‌ಲಾಕ್ ಆಜ್ಞೆಗಳೇ ಕಚೇರಿ ಬಳಕೆಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದವು.

ಒಂದೇ ಲೆಕ್ಕಪತ್ರವನ್ನು ಇಬ್ಬರು ನೌಕರರು ಏಕಕಾಲದಲ್ಲಿ ತೆರೆದರೆಂದು ಭಾವಿಸೋಣ. ಮೊದಲನೆಯವರು ಹತ್ತು ಸಾಲು ಸೇರಿಸಿ ಉಳಿಸುತ್ತಾರೆ. ಎರಡನೆಯವರ ಬಳಿ ಇರುವುದು ಹಳೆಯ ಪ್ರತಿ. ಅವರು ತಮ್ಮ ತಿದ್ದುಪಡಿಯೊಂದಿಗೆ ಅದನ್ನು ಉಳಿಸಿದೊಡನೆ ಆ ಹತ್ತು ಸಾಲುಗಳು ಅಳಿದುಹೋಗುತ್ತವೆ, ಯಾವ ಎಚ್ಚರಿಕೆಯೂ ಕಾಣಿಸಿಕೊಳ್ಳುವುದಿಲ್ಲ. ಇದನ್ನು ತಡೆಯಲು ಕಡತ ತೆರೆದ ತಂತ್ರಾಂಶ ಸರ್ವರ್‌ನಿಂದ ಬೀಗವೊಂದನ್ನು ಕೇಳಿ, ಅದರ ಗುರುತಾಗಿ ಟೋಕನ್ ಪಡೆಯುತ್ತದೆ. ಟೋಕನ್ ಇಲ್ಲದೆ ಬರೆಯಲು ಬಂದವರಿಗೆ 423 ಸಂಖ್ಯೆಯ 'ಬೀಗ ಹಾಕಲಾಗಿದೆ' ಎಂಬ ಉತ್ತರ ಸಿಗುತ್ತದೆ. ಬಳಕೆದಾರರ ಸಂಪರ್ಕ ನಡುವೆ ಕಡಿದುಹೋದರೆ ಕಡತ ಶಾಶ್ವತವಾಗಿ ಮುಚ್ಚಿಹೋಗಬಾರದೆಂದು ಸರ್ವರ್ ಬೀಗಕ್ಕೆ ಕಾಲಮಿತಿಯನ್ನು ನಿಗದಿಪಡಿಸಬಹುದು.

ಆದರೆ ಈ ರಕ್ಷಣೆ ವೆಬ್‌ಡಾವ್ ಮೂಲಕ ಬರುವವರಿಗಷ್ಟೇ ಅನ್ವಯ. ಅಪಾಚೆ ಸರ್ವರ್‌ನ ಮಾಡ್‌ಡಾವ್ ಬೀಗಗಳ ವಿವರವನ್ನು ತನ್ನದೇ ದತ್ತಕೋಶದಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಕಡತಕೋಶವನ್ನು ಕಚೇರಿಯೊಳಗಿನವರು ಸಾಂಬಾ ಮೂಲಕ ತೆರೆದರೆ ಅವರಿಗೆ ಆ ಬೀಗ ಗೋಚರಿಸದು. ಎರಡು ಬಾಗಿಲುಗಳನ್ನೂ ತೆರೆದಿಡುವ ವ್ಯವಸ್ಥಾಪಕರು ಸುಲಭವಾಗಿ ಮರೆಯುವ ಅಂಶವಿದು. ಅನುಮತಿಗಳ ವಿಷಯವೂ ಹೀಗೆಯೇ. ಅಪಾಚೆಯಲ್ಲಿ ಎಲ್ಲ ಕಡತಗಳನ್ನೂ ಸರ್ವರ್‌ನ ಖಾತೆಯೇ ಓದಿ ಬರೆಯುವುದರಿಂದ, ಯಾರು ಏನನ್ನು ನೋಡಬಹುದೆಂಬುದನ್ನು ವೆಬ್ ಸರ್ವರ್‌ನಲ್ಲಿ ಪ್ರತ್ಯೇಕವಾಗಿ ನಿಗದಿಪಡಿಸಬೇಕಾಗುತ್ತದೆ.

ಬಳಕೆ

ಮ್ಯಾಕ್‌ಒಎಸ್‌ನ ಫೈಂಡರ್ ಮತ್ತು ಲಿನಕ್ಸ್‌ನ ಹಲವು ಕಡತ ನಿರ್ವಾಹಕಗಳು ವೆಬ್‌ಡಾವ್ ಕಡತಕೋಶವನ್ನು ಸ್ಥಳೀಯ ಡಿಸ್ಕ್‌ನಂತೆ ತೋರಿಸುತ್ತವೆ. ವಿಂಡೋಸ್‌ನಲ್ಲಿ ಈ ಕೆಲಸ ವೆಬ್‌ಕ್ಲೈಂಟ್ ಎಂಬ ಸೇವೆಯದು. ಪೂರ್ವನಿಯೋಜಿತವಾಗಿ ಅದು ಸುಮಾರು 50 ಮೆಗಾಬೈಟ್‌ಗಿಂತ ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವುದಿಲ್ಲ. ಗೂಢಲಿಪೀಕರಣವಿಲ್ಲದ ಸಂಪರ್ಕದಲ್ಲಿ ಸರಳ ಗುಪ್ತಪದ ದೃಢೀಕರಣವನ್ನೂ ಒಪ್ಪುವುದಿಲ್ಲ. ಎರಡನೆಯ ನಿರ್ಬಂಧ ಸರಿಯಾದದ್ದೇ, ಏಕೆಂದರೆ ಅಂತಹ ಸಂಪರ್ಕದಲ್ಲಿ ಗುಪ್ತಪದ ಬಹುತೇಕ ಬಯಲಾಗಿಯೇ ಸಾಗುತ್ತದೆ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಕ್ಲೈಂಟ್ ಸೇವೆಯನ್ನು ಬಳಕೆಯಿಂದ ಹಿಂತೆಗೆಯಲಾಗುವ ಸೌಲಭ್ಯಗಳ ಪಟ್ಟಿಗೆ ಸೇರಿಸಿತು.

ಮುಕ್ತ ತಂತ್ರಾಂಶಗಳಾದ ಓನ್‌ಕ್ಲೌಡ್ ಮತ್ತು ನೆಕ್ಸ್ಟ್‌ಕ್ಲೌಡ್ ವೆಬ್‌ಡಾವ್ ಅನ್ನು ಆಧರಿಸಿವೆ. ಕಚೇರಿಯ ಹಳೆಯ ಎಸ್‌ಎಂಬಿ ಕಡತಕೋಶವನ್ನೇ ನೆಕ್ಸ್ಟ್‌ಕ್ಲೌಡ್‌ಗೆ ಬಾಹ್ಯ ಸಂಗ್ರಹವಾಗಿ ಜೋಡಿಸಿ, ಬ್ರೌಸರ್ ಮೂಲಕ ತೆರೆಯಲು ಸಾಧ್ಯವಿದೆ. ಇದರಿಂದ 445ನೇ ಪೋರ್ಟ್ ಕಚೇರಿಯೊಳಗೇ ಉಳಿಯುತ್ತದೆ. ಕ್ಯಾಲೆಂಡರ್‌ಗಳಿಗಾಗಿ ಕ್ಯಾಲ್‌ಡಾವ್ ಮತ್ತು ಸಂಪರ್ಕ ವಿಳಾಸಗಳಿಗಾಗಿ ಕಾರ್ಡ್‌ಡಾವ್ ಇದೇ ಪ್ರೋಟೋಕಾಲ್‌ನಿಂದ ಬೆಳೆದ ಮಾನಕಗಳು.