ಹಿತ್ತಿಲ ಕಾಡುಗಿಡ, ಹಕ್ಕಿಗಳ ಊಟ

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ, ಮುರಕಲ್ಲಿನ ಗುಡ್ಡೆಗಳ ಮೇಲೆ ಹಬ್ಬಿರುವ ಕುಲಶೇಖರದಲ್ಲಿ ವಸತಿ ಸಮುಚ್ಚಯಗಳು ಏಳುತ್ತಿದ್ದರೂ ಬಾವಿ, ತೆಂಗು, ಮಾವು, ಹಲಸುಗಳಿರುವ ಹಳೆಯ ಹಿತ್ತಿಲುಗಳು ಇನ್ನೂ ಉಳಿದಿವೆ. ಹಿತ್ತಿಲಿಗೆ ಹಕ್ಕಿ ಬರಬೇಕಾದರೆ ಕಾಳು ಚೆಲ್ಲಬೇಕೆಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಕಾಳಿಗೆ ಬರುವವು ಮುಖ್ಯವಾಗಿ ಪಾರಿವಾಳ, ಗುಬ್ಬಿ, ಕಾಗೆಗಳು. ಹಣ್ಣು, ಮಕರಂದ, ಹುಳುಗಳನ್ನು ನಂಬಿ ಬದುಕುವ ಪಿಕಳಾರ, ಸೂರಕ್ಕಿ, ಕುಟ್ರುಹಕ್ಕಿ, ಮಡಿವಾಳ ಹಕ್ಕಿಗಳಿಗೆ ಬೇಕಾಗಿರುವುದು ಯಾರೂ ನೆಡದೆ ತಾವಾಗಿ ಹುಟ್ಟಿ, ಮಳೆಗಾಲ ಮುಗಿಯುತ್ತಲೇ ಕತ್ತಿಗೆ ಬಲಿಯಾಗುವ ಕಾಡುಗಿಡಗಳು.

ಅವುಗಳಲ್ಲಿ ನೆಕ್ಕರಿಕ ತೀರ ಸಾಮಾನ್ಯವಾದದ್ದು. ನೇರಳೆ ಬಣ್ಣದ ಅದರ ಹೂವಿನಲ್ಲಿ ಮಕರಂದವಿಲ್ಲ, ಜೇನ್ನೊಣಗಳು ಪರಾಗಕ್ಕಾಗಿಯೇ ಬರುತ್ತವೆ. ಆದರೆ ಕಾಯಿ ಬಲಿತು ಬಿರಿದಾಗ ಕಾಣುವ ಕಪ್ಪು ತಿರುಳಿಗೆ ಪಿಕಳಾರಗಳು ಮುಗಿಬೀಳುತ್ತವೆ. ಅದನ್ನು ತಿಂದ ಮಕ್ಕಳ ನಾಲಗೆಯೂ ಕಪ್ಪಾಗುವುದರಿಂದ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ 'ಕಪ್ಪು ಬಾಯಿ' ಎಂಬ ಅರ್ಥದ 'ಮೆಲಸ್ಟೋಮ' ಎಂಬ ಗ್ರೀಕ್ ಮೂಲದ ಹೆಸರಿಟ್ಟರು. ಕುಂಟಲ, ಕೇಪುಳಗಳ ಹಣ್ಣುಗಳೂ ಹಕ್ಕಿಗಳಿಗೆ ಪ್ರಿಯವಾದವು. ಗೋಳಿಮರದ ವಿಶೇಷವೆಂದರೆ ಒಂದೊಂದು ಮರವೂ ಬೇರೆ ಬೇರೆ ಕಾಲದಲ್ಲಿ ಹಣ್ಣಾಗುವುದರಿಂದ ಉಳಿದ ಗಿಡಗಳು ಬರಿದಾಗಿರುವಾಗಲೂ ಕುಟ್ರುಹಕ್ಕಿ, ಕೋಗಿಲೆಗಳಿಗೆ ಆಹಾರ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಮಾವಿನ ಕೊಂಬೆಯ ಬದನಿಕೆ. ಬೇರನ್ನು ಮಣ್ಣಿಗಿಳಿಸದೆ ಆಶ್ರಯ ಕೊಟ್ಟ ಮರದೊಳಕ್ಕೇ ಚುಚ್ಚಿ ನೀರು, ಲವಣಗಳನ್ನು ಹೀರುವ ಈ ಗಿಡವನ್ನು ಅರೆಪರಾವಲಂಬಿ ಎನ್ನುತ್ತಾರೆ, ಏಕೆಂದರೆ ಹಸಿರೆಲೆಗಳಿರುವುದರಿಂದ ಆಹಾರವನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಇದರ ಹೆಸರನ್ನೇ ಪಡೆದ ಬದನಿಕೆ ಹಕ್ಕಿ ಸುಮಾರು 8 ಸೆಂಟಿಮೀಟರ್ ಉದ್ದದ್ದು, ದೇಶದ ಅತಿ ಸಣ್ಣ ಹಕ್ಕಿಗಳಲ್ಲೊಂದು. ಹಣ್ಣು ನುಂಗಿದ ಸ್ವಲ್ಪ ಹೊತ್ತಿಗೆ ಅಂಟು ಮೆತ್ತಿದ ಬೀಜ ಹೊರಬೀಳುತ್ತದೆ. ಅದು ಸುಲಭವಾಗಿ ಕಳಚದ ಕಾರಣ ಹಕ್ಕಿ ಹಿಂಭಾಗವನ್ನು ಕೊಂಬೆಗೆ ಒರೆಸಿಕೊಳ್ಳುತ್ತದೆ, ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಬದನಿಕೆಯ ಹೂವಿಗೆ ಬರುವ ಸೂರಕ್ಕಿಗಳು ಪರಾಗವನ್ನು ಒಯ್ಯುತ್ತವೆ. ಕೊಂಕಣ ಪ್ರದೇಶದಲ್ಲಿ ಈ ನಂಟನ್ನು ಗಮನಿಸಿದ ಪಕ್ಷಿತಜ್ಞ ಸಲೀಂ ಅಲಿ ಅವರು 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನೇ ಬರೆದರು. ಬದನಿಕೆ ಹೆಚ್ಚಾದರೆ ಮರ ಸೊರಗುವುದು ನಿಜ, ಫಸಲಿನ ಮರದಿಂದ ಅದನ್ನು ತೆಗೆಯುವ ಕೃಷಿಕರನ್ನು ದೂರುವಂತಿಲ್ಲ. ಆದರೆ ಫಲ ಕೊಡದ ಹಳೆಯ ಮರದಲ್ಲಿ ಒಂದೆರಡು ಗೊಂಚಲು ಉಳಿದರೆ ನಷ್ಟವೇನೂ ಇಲ್ಲ. ಒಣಗಿದ ಕೊಂಬೆಯ ಮಾತೂ ಇಷ್ಟೇ: ಮನೆಯ ಮೇಲೆ ಬೀಳುವ ಅಪಾಯವಿಲ್ಲದಿದ್ದರೆ ಅದನ್ನು ಕಡಿಯಬಾರದು, ಕುಟ್ರುಹಕ್ಕಿ ಗೂಡಿಗಾಗಿ ಪೊಟರೆ ಕೊರೆಯುವುದು ಅಂಥಲ್ಲಿಯೇ.

ಹಿತ್ತಿಲ ಹಕ್ಕಿಗಳ ಎಣಿಕೆಗೆ ಈಗ ವಿಜ್ಞಾನದಲ್ಲೂ ಬೆಲೆಯಿದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2013ರಲ್ಲಿ ಜಗತ್ತಿಗೆಲ್ಲ ವಿಸ್ತರಿಸಿದ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳ ಜಾತಿ ಮತ್ತು ಸಂಖ್ಯೆಯನ್ನು 'ಇಬರ್ಡ್' ತಾಣದಲ್ಲಿ ದಾಖಲಿಸಿದರೆ ಸಾಕು. ಹಾಲಿವಾಣ ಎಲೆ ಉದುರಿಸಿ ಕೆಂಪು ಹೂ ತಳೆಯುವ, ಮೈನಾ, ಕಾಜಾಣ, ಸೂರಕ್ಕಿಗಳು ಅದರ ಸುತ್ತ ಸೇರುವ ಕಾಲವೂ ಅದೇ. ಕುಲಶೇಖರದ ಮನೆಯವರು ಈ ಸಲ ಹಿತ್ತಿಲನ್ನು ಸವರಿಸುವ ಮೊದಲು ಬಾವಿಯಾಚೆಯ ಒಂದು ಮೂಲೆಯನ್ನು ನೆಕ್ಕರಿಕ, ಕೇಪುಳಗಳಿಗೆ ಬಿಟ್ಟುಕೊಡಲಿ.