ನಿಮಗಿದು ಗೊತ್ತೇ? ದವಡೆಯ ನೋವು ಎಷ್ಟು ಮಂದಿಗಿದೆ!

ತಲೆಬುರುಡೆಯ ಮೂಳೆಗಳಲ್ಲಿ ಹೊರಗೆ ಕಾಣುವಂತೆ ಅಲುಗಾಡುವುದು ಕೆಳದವಡೆ ಒಂದೇ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ, ಕೀಲು ಕೈಗೆ ಸಿಗುತ್ತದೆ. ಮೊದಲು ತಿರುಗುತ್ತದೆ, ಬಾಯಿ ಅಗಲವಾದಂತೆ ಮುಂದಕ್ಕೆ ಜಾರುತ್ತದೆ.

ಈ ಕೀಲು ಅಥವಾ ಅದರ ಸುತ್ತಲಿನ ಸ್ನಾಯುಗಳ ತೊಂದರೆ ಎಷ್ಟು ಜನರಲ್ಲಿದೆ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಹಾಕಿದ ಲೆಕ್ಕದಂತೆ ವಯಸ್ಕರಲ್ಲಿ ಸುಮಾರು ಶೇ. 31 ಮಂದಿಗೆ. ಆದರೆ 2018ರಲ್ಲಿ ಅಮೆರಿಕದಲ್ಲಿ ಆ ಭಾಗದಲ್ಲಿ ನೋವಿದೆ ಎಂದವರು ಸುಮಾರು ಶೇ. 5, ಅಂದರೆ 1 ಕೋಟಿಗೂ ಹೆಚ್ಚು ವಯಸ್ಕರು. ಅಂತರ ಇಷ್ಟು ದೊಡ್ಡದಾಗಲು ಕಾರಣವಿದೆ. ವೈದ್ಯರು ಪರೀಕ್ಷಿಸಿದಾಗ ಸಿಗುವ ಸಣ್ಣಪುಟ್ಟ ದೋಷಗಳೂ ಮೊದಲನೆಯ ಲೆಕ್ಕಕ್ಕೆ ಸೇರಿವೆ. ಎರಡನೆಯದರಲ್ಲಿ ಕೇಳಿದ್ದು ನೋವನ್ನು ಮಾತ್ರ.

ಗಂಡಸರಿಗಿಂತ ಹೆಂಗಸರಲ್ಲಿ ಈ ತೊಂದರೆ ಸುಮಾರು ಎರಡು ಪಟ್ಟು ಹೆಚ್ಚು. ಮನೆಯಲ್ಲಿ ಅಕ್ಕನೋ ಅಮ್ಮನೋ ‘ಕಿವಿ ನೋವು’ ಎಂದು ಪದೇ ಪದೇ ಹೇಳುತ್ತಿದ್ದು, ಕಿವಿಯಲ್ಲಿ ಏನೂ ಕಾಣದಿದ್ದರೆ, ದವಡೆಯನ್ನೂ ಪರೀಕ್ಷೆ ಮಾಡಿಸಿ.

ಆಕಳಿಸುವಾಗ ‘ಕಟಕ್’ ಸದ್ದೇ? ನೋವಿಲ್ಲದಿದ್ದರೆ ಚಿಕಿತ್ಸೆಯೇ ಬೇಡ.

ಸುಮ್ಮನಿರುವಾಗ ತುಟಿ ಮುಚ್ಚಿರಬೇಕು, ಹಲ್ಲುಗಳು ಒಂದಕ್ಕೊಂದು ತಾಗಬಾರದು. ಈಗ ನಿಮ್ಮ ಹಲ್ಲು ಕಚ್ಚಿಕೊಂಡಿವೆಯೇ? ಬಿಡಿ.

1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಈ ದವಡೆ ತೊಂದರೆಗಳಿಗೆಲ್ಲ ಹಲ್ಲು ಕೂಡುವ ರೀತಿಯೇ ಕಾರಣ ಎಂದರು. ಆ ನಂಬಿಕೆಯಿಂದ ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸವೆಸಲಾಯಿತು. 1980ರ ದಶಕದಲ್ಲಿ ಅಲ್ಲೇ ಕೀಲಿಗೆ ಟೆಫ್ಲಾನ್ ಬೆರೆತ ಕೃತಕ ಭಾಗ ಹಾಕಿದರು. ಅದು ಸವೆದು ಚೂರಾಗಿ ಮೂಳೆಯನ್ನೇ ತಿಂದಿತು. ಅದನ್ನು ಮಾರುಕಟ್ಟೆಯಿಂದ ವಾಪಸು ಪಡೆಯುವ ಹೊತ್ತಿಗೆ ಸಾವಿರಾರು ಜನ ನರಳಿದ್ದರು. ಬಹುಪಾಲು ದವಡೆನೋವು ಮೆತ್ತನೆಯ ಊಟ, ಬಿಸಿ ಶಾಖ, ಹಗುರ ವ್ಯಾಯಾಮದಿಂದ ತಗ್ಗುವಾಗ, ಹಿಂದಕ್ಕೆ ತರಲಾಗದ ಚಿಕಿತ್ಸೆಗೆ ಅವಸರ ಬೇಡವೇ ಬೇಡ.

ಆಕಳಿಸಿದಾಗ ತಪ್ಪಿದ ದವಡೆಯನ್ನು ಮರಳಿ ಕೂರಿಸುವ ಕ್ರಮವನ್ನು ಪ್ರಾಚೀನ ಗ್ರೀಸಿನ ಹಿಪೊಕ್ರಟೀಸನ ಗ್ರಂಥಗಳು ವಿವರಿಸಿವೆ. ಇಂದಿನ ಕ್ರಮ ಅದಕ್ಕೆ ಬಹಳ ಹತ್ತಿರ. ಮನೆಯಲ್ಲಿ ಮಾತ್ರ ಪ್ರಯತ್ನಿಸಬೇಡಿ.

ಬಾಯಿ ಪೂರ್ತಿ ತೆರೆದಾಗ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಬಾಯಿಗೆ ಹಿಡಿಯಬೇಕು. ಹಿಡಿಯುತ್ತಿಲ್ಲ, ಜೊತೆಗೆ ಗುಟ್ಕಾ ಅಥವಾ ಅಡಿಕೆ ಜಗಿಯುವ ಅಭ್ಯಾಸವಿದೆ ಎಂದಾದರೆ ತೊಂದರೆ ಕೀಲಿನದ್ದಾಗಿರಲಿಕ್ಕಿಲ್ಲ. ಅಡಿಕೆಯಿಂದ ಬಾಯಿಯ ಒಳಪದರದಡಿ ನಾರು ಬೆಳೆದು ಕೆನ್ನೆ ಗಟ್ಟಿಯಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ. 1952ರಲ್ಲಿ ಕೆನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ದಾಖಲಿಸಿದರು. ಇದು ಕ್ಯಾನ್ಸರಿಗೆ ತಿರುಗಬಲ್ಲದು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಮ್ಮ ರಾಜ್ಯದಲ್ಲಿ ಈ ಮೂರು ಬೆರಳಿನ ಪರೀಕ್ಷೆ ಪ್ರತಿ ಮನೆಗೂ ಗೊತ್ತಿರಬೇಕು.

ಇನ್ನೊಂದು: ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಹೋಗುವ ದವಡೆನೋವು ಹೃದಯದ್ದಿರಬಹುದು. ಅದಕ್ಕೆ ದಂತವೈದ್ಯರಲ್ಲ, ತಕ್ಷಣ ಇಸಿಜಿ ಬೇಕು.